ಇಬ್ಬರೇ ಬಲ್ಲ ಸನ್ನೆ

ಕರಬೋಧಿ ಆ ಮುಂಜಾನೆ ಆರನೆಯ ಸಲ ಕಸ್ತೂರಿಯ ಬಲಗೈಯನ್ನು ಮೇಲೆತ್ತಿತು. ಭುಜದಿಂದ ಬೆರಳ ತುದಿಯವರೆಗೆ ತೊಡಿಸಿದ್ದ ಬೂದು ಬಣ್ಣದ ತೋಳುಗವಸು ಮೆಲ್ಲಗೆ ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ಎಂಟು ವಾರಗಳಿಂದ ಜೀವವಿಲ್ಲದೆ ಬಿದ್ದಿದ್ದ ಕೈ ಎದೆಯ ಮಟ್ಟಕ್ಕೆ ಬಂದು, ಐದೂ ಬೆರಳು ಒಟ್ಟುಗೂಡಿ ಬಾಯಿಯ ಹತ್ತಿರ ಹೋದವು. ಎದುರಿನ ಪರದೆಯಲ್ಲಿ ರೊಟ್ಟಿಯ ತಟ್ಟೆಯೊಂದು ಮೂಡಿತು. ಮಣಿಕಟ್ಟಿಗೆ ಕಟ್ಟಿದ್ದ, ಸನ್ನೆಯನ್ನು ಮಾತಾಗಿಸುವ ದನಿಪಟ್ಟಿ, ಯಾವ ಊರಿನದೂ ಅಲ್ಲದ ಶುದ್ಧ ಕನ್ನಡದಲ್ಲಿ ಹೇಳಿತು: “ಊಟ.”

ಗಾಜಿನ ಗೋಡೆಯ ಈಚೆ ಕುಳಿತಿದ್ದ ದಾಕ್ಷಾಯಣಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು. ಅದು ಕೇಂದ್ರದ ಕಟ್ಟಪ್ಪಣೆ. ಪಾಠದ ತಿಂಗಳುಗಳು ಮುಗಿಯುವವರೆಗೆ ಮನೆಯವರು ರೋಗಿಯ ಎದುರು ಕೈ ಆಡಿಸಕೂಡದು. ರೋಗಿಯ ಕಣ್ಣು ಅತ್ತ ಹೊರಳಿದರೆ ಯಂತ್ರದ ಕೆಲಸ ಕೆಡುತ್ತದೆ. ಐವತ್ತೇಳು ವರ್ಷದ ಈ ಹೆಂಗಸಿಗೆ ಬಾಯಿ ಮುಚ್ಚಿಕೊಂಡಿರು ಅಂದಿದ್ದರೆ ಸುಲಭವಾಗುತ್ತಿತ್ತು. ಕೈ ಕಟ್ಟಿಕೊಂಡು ತಂಗಿಯ ಎದುರು ಕೂರುವುದೇ ಅವಳ ಕೈಲಾಗದ ಕೆಲಸ. ಆದರೂ ಕೂತಿದ್ದಳು.

ಯಂತ್ರಕ್ಕೆ ಕರಬೋಧಿ ಎಂದು ಹೆಸರಿಟ್ಟವರು ಯಾರೋ ಸಂಸ್ಕೃತ ಬಲ್ಲವರು. ಹುಬ್ಬಳ್ಳಿಯ ಕರಚೇತನ ಕೇಂದ್ರದ ಆಯಾಗಳು ಅದನ್ನು ‘ಕೈಮಾಸ್ತರ’ ಎಂದು ಕರೆಯುತ್ತಿದ್ದರು, ಆ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತಿತ್ತು. ಲಕ್ವ ಹೊಡೆದಾಗ ಸಾಯುವುದು ಕೈಯಲ್ಲ, ಕೈಗೆ ಅಪ್ಪಣೆ ಕೊಡುವ ಮಿದುಳಿನ ಭಾಗ. ಅದರ ಸುತ್ತ ಬದುಕಿ ಉಳಿದ ಜೀವಕೋಶಗಳಿಗೆ ಆ ಕೆಲಸವನ್ನು ಹೊಸದಾಗಿ ಕಲಿಸಬೇಕು. ತಲೆಗೆ ತೊಡಿಸಿದ ಟೋಪಿ ರೋಗಿಯ ಇಚ್ಛಾಸಂಕೇತವನ್ನು ಹಿಡಿಯುತ್ತದೆ, ಅಂದರೆ ಅವಳು ಏನು ಮಾಡಬಯಸಿದ್ದಾಳೆ ಎಂಬುದನ್ನು. ಅದಕ್ಕೆ ಹೊಂದುವ ಚಲನೆಯನ್ನು ಯಂತ್ರ ತನ್ನಲ್ಲಿ ತುಂಬಿಟ್ಟ ಮಾದರಿಗಳಿಂದ, ಅಂದರೆ ಮಾದರಿಕೋಶದಿಂದ, ಆರಿಸಿ, ತೋಳುಗವಸಿನ ಮೂಲಕ ಕೈಯಿಂದ ಮಾಡಿಸುತ್ತದೆ. ಸಾವಿರ ಸಲ ಮಾಡಿಸಿದರೆ ಮಿದುಳು ತಾನೇ ದಾರಿ ಮಾಡಿಕೊಳ್ಳುತ್ತದೆ. ಈ ನಡುವೆ ಕೈ ತನ್ನಷ್ಟಕ್ಕೆ ನಡುಗುತ್ತದೆ, ಸೆಟೆಯುತ್ತದೆ, ಹಳೆಯ ರೂಢಿಯಂತೆ ಅತ್ತಿತ್ತ ಎಳೆಯುತ್ತದೆ. ಅಂಥ ಬೇಡದ ಚಲನೆಗಳನ್ನು ಗುರುತಿಸಿ ಅಲ್ಲಲ್ಲೇ ಅಡಗಿಸಲು ಶೋಧಕವೆಂಬ ಭಾಗವಿದೆ. ಅಡಗಿಸಿದ ಚಲನೆ ಕೆಲವು ವಾರಗಳಲ್ಲಿ ಮಿದುಳಿನಿಂದಲೇ ಅಳಿದುಹೋಗುತ್ತದೆ. ಹೊಲದಲ್ಲಿ ಕಳೆ ತೆಗೆದ ಹಾಗೆ ಎಂದು ಡಾಕ್ಟರ್ ಇನಾಮದಾರರು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದರು. ಅವರು ನರರೋಗ ತಜ್ಞರು. ಈ ಯಂತ್ರಕ್ಕಾಗಿ ಹದಿನೈದು ವರ್ಷ ಸವೆಸಿದವರು.

ಕಸ್ತೂರಿ ಹುಟ್ಟುಕಿವುಡಿ. ಗುಳೇದಗುಡ್ಡದಲ್ಲಿ ಇನ್ನೂ ಉಳಿದಿದ್ದ ಹತ್ತಾರು ಕೈಮಗ್ಗಗಳಲ್ಲಿ ಎರಡು ಈ ಅಕ್ಕತಂಗಿಯರವು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಕುಪ್ಪಸದ ಖಣ ನೇಯುತ್ತಿದ್ದರು. ದಾಕ್ಷಾಯಣಿ ಗಂಡ ತೀರಿಕೊಂಡಮೇಲೆ ತವರಿಗೆ ಬಂದವಳು. ಕಸ್ತೂರಿಗೆ ಮದುವೆಯೇ ಆಗಲಿಲ್ಲ. ಮನೆಯಲ್ಲಿ ಇವರಿಬ್ಬರು ಮತ್ತು ಎಂಬತ್ತು ದಾಟಿದ ತಾಯಿ ಗುರವ್ವ, ಮೂರೇ ಜನ. ಒಂದು ಮಧ್ಯಾಹ್ನ ಕಸ್ತೂರಿ ಮಗ್ಗದ ಮುಂದೆ ಕೂತಲ್ಲೇ ಬಲಕ್ಕೆ ವಾಲಿದಳು. ಬೇರೆಯವರಿಗೆ ಲಕ್ವ ಹೊಡೆದರೆ ಒಂದು ಕೈ ಹೋಗುತ್ತದೆ, ಇಲ್ಲ ಮಾತು ಹೋಗುತ್ತದೆ. ಕೈಯೇ ಮಾತಾಗಿದ್ದ ಕಸ್ತೂರಿಗೆ ಒಂದೇ ಏಟಿಗೆ ಎರಡೂ ಹೋದವು. ಎಡಗೈ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಹೇಳಲು ಏನೂ ತೋಚುತ್ತಿರಲಿಲ್ಲ. ಸನ್ನೆಯ ಮಾತೂ ಮಿದುಳಿನಲ್ಲಿ ಬಾಯಿಮಾತು ಇರುವ ಜಾಗದಲ್ಲೇ ಇರುತ್ತದಂತೆ. ಆ ಜಾಗವೇ ಕಲಸಿಹೋಗಿತ್ತು.

ಕೇಂದ್ರಕ್ಕೆ ಸೇರಿಸಿದ ದಿನ ಇನಾಮದಾರರು ಅರ್ಜಿ ತುಂಬಿಸಿಕೊಂಡರು.

“ಇವರಿಗೆ ಸಂಜ್ಞಾಭಾಷಾ ಬರ್ತಿತ್ತೇನ್ರಿ?”

“ಇಲ್ರಿ ಸಾಹೇಬ್ರ.”

“ಮತ್ತ ಮನ್ಯಾಗ ಹ್ಯಾಂಗ ಮಾತಾಡ್ತಿದ್ರಿ?”

ದಾಕ್ಷಾಯಣಿ ನೆಲ ನೋಡಿದಳು. “ಹಂಗ ಏನರೆ ಕೈಬಾಯಿ ಆಡಿಸ್ಕೋತ ಇರ್ತಿದ್ವಿ. ಅದೇನ್ ಭಾಷಾ ಅಲ್ರಿ. ಮಂಗನಾಟ.”

ಇನಾಮದಾರರು ‘ಪೂರ್ವಭಾಷೆ: ಇಲ್ಲ’ ಎಂದು ಬರೆದರು. ಭಾಷೆಯೇ ಇಲ್ಲದವಳಿಗೆ ಏನನ್ನು ಮರಳಿ ಕೊಡುವುದು? ಹಾಗಾಗಿ ಮಾದರಿಕೋಶಕ್ಕೆ ಮೈಸೂರಿನ ಒಬ್ಬ ಕಿವುಡ ಶಿಕ್ಷಕಿಯ ಕೈಚಲನೆಗಳನ್ನು ತುಂಬಿದರು. ಶಾಲೆಗಳಲ್ಲಿ ಕಲಿಸುವ, ದೇಶದುದ್ದಕ್ಕೂ ನಡೆಯುವ ಅಚ್ಚುಕಟ್ಟಾದ ಸಂಜ್ಞಾಭಾಷೆ. ಕೈಯೂ ಬರಲಿ, ಜೊತೆಗೆ ಭಾಷೆಯೂ ಬರಲಿ ಎಂಬುದು ಅವರ ಒಳ್ಳೆಯ ಮನಸ್ಸು.

ಮಂಗನಾಟ ಎಂಬ ಮಾತು ದಾಕ್ಷಾಯಣಿಯದಲ್ಲ. ಕಸ್ತೂರಿಗೆ ಹತ್ತು ವರ್ಷವಾದಾಗ ದೂರದ ಒಂದು ಕಿವುಡರ ಶಾಲೆಗೆ ಹಾಕಿದ್ದರು. ಅಲ್ಲಿ ತುಟಿ ನೋಡಿ ಮಾತು ಕಲಿಯಬೇಕು, ಕೈ ಎತ್ತಿದರೆ ಫೂಟ್‌ಪಟ್ಟಿಯ ಏಟು. ವರ್ಷ ತುಂಬುವುದರೊಳಗೆ ಹುಡುಗಿಯನ್ನು ತಿರುಗಿ ಕಳಿಸಿದರು. ಕರೆತರಲು ಹೋದ ಗುರವ್ವನಿಗೆ, ಜೊತೆಗಿದ್ದ ದಾಕ್ಷಾಯಣಿಗೆ ಮಾಸ್ತರು ಹೇಳಿದ್ದು ಒಂದೇ ಮಾತು: “ಮನ್ಯಾಗ ಈ ಮಂಗನಾಟ ಕಲಿಸಿಟ್ಟೀರಿ, ಅದಕ್ಕ ಆಕಿಗೆ ವಿದ್ಯಾ ಹತ್ತವಲ್ದು.” ಆ ಮಾತು ದಾಕ್ಷಾಯಣಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಈಗ ದೇವರು ಇನ್ನೊಂದು ಶಾಲೆ ತೋರಿಸಿದ್ದಾನೆ. ತಮ್ಮ ಸನ್ನೆಯ ಸುದ್ದಿ ತೆಗೆದರೆ ಇವರೂ ಹೊರಗೆ ಹಾಕಿಯಾರು ಎಂದು ಹೆದರಿ ಅವಳು ತುಟಿ ಹೊಲಿದುಕೊಂಡಳು. ತಂಗಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದಳು.

ಪಾಠ ಶುರುವಾದ ಮೂರನೆಯ ವಾರ ಇನಾಮದಾರರು ಅವಳನ್ನು ಒಳಗೆ ಕರೆದರು. ಕಸ್ತೂರಿಯ ಬಲಗೈ ನಡುನಡುವೆ ತನ್ನಷ್ಟಕ್ಕೆ ಬಲದಿಂದ ಎಡಕ್ಕೆ ಒಮ್ಮೆ ಜೀಕುತ್ತಿತ್ತು. ಯಂತ್ರ ಬೇರೇನೋ ಮಾಡಿಸುತ್ತಿದ್ದರೂ ಅದು ಬಿಡಿಸಿಕೊಂಡು ಅತ್ತ ಜೀಕುತ್ತಿತ್ತು.

“ಮಗ್ಗದಾಗ ಲಾಳಿ ಒಗೀತಾರಲ್ರಿ, ಹಂಗ ಕಾಣಸ್ತೈತಿ,” ಎಂದರು ಡಾಕ್ಟರು. “ವೃತ್ತಿಯ ರೂಢಿ ಹಿಂಗ ಉಳಕೋತೈತಿ. ಹೌದಲ್ರೀ?”

ಅಡ್ಡನೂಲಿನ ಲಾಳಿ ಒಗೆಯುವ ಚಲನೆಯೇನೋ ಹೌದು. ಆದರೆ ಆ ಮನೆಯಲ್ಲಿ ಲಾಳಿ ಒಗೆಯುವ ಹಾಗೆ ಬರಿಗೈ ಬೀಸಿದರೆ ‘ಅಕ್ಕ’ ಎಂದರ್ಥ. ಮಗ್ಗಕ್ಕೆ ಮೊದಲು ಕೂತವಳು ದಾಕ್ಷಾಯಣಿ; ಚಿಕ್ಕವಳಾಗಿದ್ದ ಕಸ್ತೂರಿ ಅದನ್ನೇ ಅವಳ ಹೆಸರು ಮಾಡಿಕೊಂಡಿದ್ದಳು. ತಂಗಿ ಟೋಪಿಯ ಕೆಳಗಿನಿಂದ ತನ್ನನ್ನೇ ನೋಡುತ್ತಿದ್ದುದು ದಾಕ್ಷಾಯಣಿಗೆ ಕಾಣುತ್ತಿತ್ತು. ಕೈ ಇನ್ನೊಮ್ಮೆ ಜೀಕಿತು. ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ಮಾಸ್ತರನ ಮುಖ ನೆನಪಾಯಿತು.

“ಹೌದ್ರಿ,” ಎಂದಳು. “ಲಾಳಿ ಒಗಿಯೂದು.”

ಡಾಕ್ಟರು ಅದನ್ನು ಶೋಧಕದ ಪಟ್ಟಿಗೆ ಸೇರಿಸಿದರು. ಎರಡೂವರೆ ತಿಂಗಳು ತುಂಬುವ ಹೊತ್ತಿಗೆ ಜೀಕುವುದು ನಿಂತಿತು. ಗುಣವಾಗುತ್ತಿದ್ದಾಳೆ ಎಂದು ದಾಕ್ಷಾಯಣಿ ಸಿದ್ಧಾರೂಢರ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು.

ನಾಲ್ಕನೆಯ ತಿಂಗಳಲ್ಲಿ ಗುರವ್ವನಿಗೆ ಜ್ವರ ಬಂತು. ದಾಕ್ಷಾಯಣಿ ಊರಿಗೆ ಓಡಿದಳು. ಮುದುಕಿಗೆ ಪ್ರಜ್ಞೆ ಇತ್ತು, ದನಿಯೂ ಇತ್ತು.

“ಕಸ್ತೂರಿಗೆ ನೀನ ಹೇಳು,” ಅಂದಳು. “ಮಂದಿ ಕಡಿಂದ ಹೇಳಿಸಬ್ಯಾಡ. ಮಷೀನಿನ ಕಡಿಂದಂತೂ ಬ್ಯಾಡ. ಮೊದಲ ತಿಳೀದ ಕೂಸು ಅದು, ಅಂಜತೈತಿ. ನಿನ್ನ ಕೈಲೆ ಹೇಳು.”

“ಹೇಳ್ತೀನಿ ಬಿಡವ್ವ,” ಎಂದಳು ದಾಕ್ಷಾಯಣಿ. ಐವತ್ಮೂರು ವರ್ಷದವಳನ್ನು ಕೂಸು ಅಂತಾಳಲ್ಲ ಎಂದು ಅಳುವಿನ ನಡುವೆಯೂ ನಗು ಬಂತು. ಮರುದಿನ ಗುರವ್ವ ಹೋದಳು.

ಮಣ್ಣು ಮಾಡಿ, ಐದನೆಯ ದಿನ ಹುಬ್ಬಳ್ಳಿಗೆ ಬಂದಾಗ ಕೇಂದ್ರದ ಮನೋವೈದ್ಯೆ ಮೆಹರುನ್ನೀಸಾ ಮಕಾನದಾರ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಧಾರವಾಡದ ಹೆಣ್ಣುಮಗಳು, ಮಾತು ಕಡಿಮೆ, ಎದುರಿಗಿದ್ದವರು ಅತ್ತು ಮುಗಿಸುವವರೆಗೆ ಗಡಿಯಾರ ನೋಡದವಳು. “ಈಗ ಆಕಿಗೆ ಹೇಳೂದು ಬ್ಯಾಡ್ರಿ ಅಕ್ಕಾರ,” ಎಂದಳು. “ಲಕ್ವ ಹೊಡದ ಮ್ಯಾಲೆ ಹೊಸಾದು ಕಲಿಯೂ ಶಕ್ತಿ ಆರೇಳು ತಿಂಗಳಷ್ಟ ಇರ್ತೈತಿ. ಅದಕ್ಕ ನಾವು ಕಲಿಕೆಯ ಕಿಟಕಿ ಅಂತೀವಿ. ಈಗ ದುಃಖ ಹೊಕ್ರ ಕಿಟಕಿ ಮುಚ್ಚತೈತಿ. ಪಾಠ ಮುಗೀಲಿ, ಆಮ್ಯಾಲೆ ನೀವ ಹೇಳ್ರಿ.”

ದಾಕ್ಷಾಯಣಿ ಕಾದಳು. ಹೊಟ್ಟೆಪಾಡಿಗೆ ಮಗ್ಗ ನಡೆಸುತ್ತ, ವಾರಕ್ಕೊಮ್ಮೆ ಊರಿಂದ ಬಸ್ಸಿನಲ್ಲಿ ಬಂದು, ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಾಜಿನ ಈಚೆ ಕೂತು ಹೋಗುತ್ತಿದ್ದಳು. ಸಾವಿನ ಸುದ್ದಿಯನ್ನು ಒಡಲಲ್ಲಿ ಇಟ್ಟುಕೊಂಡು ನಗುತ್ತ ಕೂರುವುದು ಎಂಥ ಶಿಕ್ಷೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಏಳನೆಯ ತಿಂಗಳು ತೋಳುಗವಸು ಕಳಚಿದರು. ಕಸ್ತೂರಿಯ ಕೈ ಬಂದಿತ್ತು. ಬಂದದ್ದು ಮಾತ್ರವೇ? ಹಾರುತ್ತಿತ್ತು. ಕೇಂದ್ರದ ಅಂಗಳದಲ್ಲಿ ಬೇವಿನ ಕೆಳಗೆ ನಾಲ್ಕಾರು ಕಿವುಡ ರೋಗಿಗಳ ಜೊತೆ ಕೂತು ಅವಳು ಎರಡೂ ಕೈ ಬೀಸಿ ಏನೋ ಹೇಳುತ್ತಿದ್ದಳು, ಅವರು ಬಿದ್ದು ಬಿದ್ದು ನಗುತ್ತಿದ್ದರು. ಜೀವಮಾನವೆಲ್ಲ ಇಬ್ಬರ ಜೊತೆ ಮಾತ್ರ ಮಾತಾಡಿದ್ದವಳಿಗೆ ಈಗ ಒಂದು ಅಂಗಳ ತುಂಬ ಜನ. ದಾಕ್ಷಾಯಣಿಗೆ ಸಂತೋಷದಿಂದ ಕಣ್ಣು ತುಂಬಿತು. ಒಳಗೆಲ್ಲೋ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು, ಅದನ್ನೇಕೆ ಮುಚ್ಚಿಡಬೇಕು.

“ಇನ್ನ ನಿಮ್ಮ ಕೈ ಬಿಚ್ರಿ,” ಎಂದು ಮೆಹರುನ್ನೀಸಾ ನಕ್ಕಳು.

ದಾಕ್ಷಾಯಣಿ ತಂಗಿಯ ಎದುರು ನಿಂತು ಕೈ ತೆಗೆದಳು. ಉಂಡೆಯಾ, ಚಲೋ ಇದ್ದೀಯಾ, ನಿನ್ನ ಬಿಟ್ಟು ನನಗೆ ಬೇಜಾರಾಗಿದೆ ಎಂದು ಏಳು ತಿಂಗಳ ಮಾತನ್ನು ಒಂದೇ ಉಸಿರಿಗೆ ಆಡಿದಳು. ಕಸ್ತೂರಿ ಅವಳನ್ನು ತಬ್ಬಿಕೊಂಡಳು, ಕೆನ್ನೆ ಸವರಿದಳು. ಆಮೇಲೆ ಅವಳ ಕೈಗಳ ಕಡೆ ನೋಡಿ, ಪರದೇಶದವರು ಏನೋ ಕೇಳಿದಾಗ ನಾವು ನಗುವ ಹಾಗೆ ಮರ್ಯಾದೆಗೆ ನಕ್ಕಳು. ಮಣಿಕಟ್ಟನ್ನು ಮುಂದೆ ಚಾಚಿ ಸನ್ನೆ ಮಾಡಿದಳು. ದನಿಪಟ್ಟಿ ಹೇಳಿತು: “ಅಕ್ಕ, ದಯವಿಟ್ಟು ಇದರಲ್ಲಿ ಮಾತನಾಡು. ನಾನು ನೋಡಿ ತಿಳಿದುಕೊಳ್ಳುತ್ತೇನೆ.”

ದಯವಿಟ್ಟು ಎಂಬ ಶಬ್ದ ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಆಡಿರಲಿಲ್ಲ. ದಾಕ್ಷಾಯಣಿ ಪಟ್ಟಿಗೆ ಬಾಯಿಯಿಟ್ಟು ಮಾತಾಡಿದಳು, ಅದರ ಪುಟ್ಟ ಪರದೆಯಲ್ಲಿ ಗೊಂಬೆಯೊಂದು ಸನ್ನೆ ಮಾಡಿ ತೋರಿಸಿತು. ಚಹಾ ಕುಡಿಯುತ್ತೀಯಾ ಎಂದರೆ, “ಹೌದು, ಸಕ್ಕರೆ ಸ್ವಲ್ಪ ಕಡಿಮೆ ಇರಲಿ” ಎಂಬ ಉತ್ತರ. ರೇಡಿಯೋದ ವಾರ್ತೆ ಓದುವವರನ್ನು ಮನೆಗೆ ಕರೆತಂದಂತಿತ್ತು. ಆಮೇಲೆ ಕಸ್ತೂರಿ ಕೇಳಿದಳು, ಪಟ್ಟಿ ಹೇಳಿತು: “ಅಮ್ಮ ಹೇಗಿದ್ದಾರೆ?”

“ಅದಾಳ,” ಎಂದು ದಾಕ್ಷಾಯಣಿ ತಲೆಯಾಡಿಸಿ, ಎದ್ದು ಮೆಹರುನ್ನೀಸಾಳ ಕೋಣೆಗೆ ಹೋದಳು.

“ಮೇಡಂ, ಆಕಿಗೆ ನನ್ನ ಸನ್ನಿ ತಿಳೀವಲ್ದು.”

“ಯಾವ ಸನ್ನಿ? ಭಾಷಾ ಇಲ್ಲ ಅಂತ ಬರಸೀರಲ್ರಿ?”

ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. ಶಾಲೆ, ಫೂಟ್‌ಪಟ್ಟಿ, ಮಂಗನಾಟ. ಮೆಹರುನ್ನೀಸಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ‘ಅವ್ವ’ ಹೇಗೆ ಎಂದು ಕೇಳಿದಳು. ದಾಕ್ಷಾಯಣಿ ವಿಭೂತಿ ಹಚ್ಚುವಂತೆ ಹಣೆಯ ಮೇಲೆ ಮೂರು ಬೆರಳು ಎಳೆದಳು. ‘ನಿನ್ನೆ’ ಹೇಗೆ? ಅವಳು ಅಂಗೈಯನ್ನು ಹೊಟ್ಟೆಯ ಕಡೆ ಸುತ್ತಿಕೊಂಡಳು. ನೇಯ್ದ ಬಟ್ಟೆ ನೇಕಾರನ ಹೊಟ್ಟೆಯ ಕಡೆಗೇ ತಾನೇ ಸುತ್ತಿಕೊಳ್ಳುವುದು. ‘ನಾಳೆ’? ಮುಂದಕ್ಕೆ ಚಾಚಿದಳು, ಇನ್ನೂ ನೇಯದ ಹಾಸಿನ ನೂಲು ಇರುವ ಕಡೆ. ‘ನಿನ್ನೆ ಅವ್ವ ಬರದಿದ್ದರೆ ನಾಳೆ ನಾನೇ ಹೋಗುತ್ತಿದ್ದೆ’ ಎನ್ನುವುದಕ್ಕೆ? ದಾಕ್ಷಾಯಣಿ ಯೋಚಿಸದೆ ಅದನ್ನೂ ಆಡಿ ತೋರಿಸಿದಳು. ಮೆಹರುನ್ನೀಸಾ ಅವಳ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾರ, ಇದು ಭಾಷಾ,” ಎಂದಳು. “ಪೂರ್ತಿ ಭಾಷಾ. ನೀವು ಮೂರ ಮಂದಿ ಕೂಡಿ ಒಂದು ಭಾಷಾ ಕಟ್ಟೀರಿ.”

ಇನಾಮದಾರರನ್ನು ಕರೆಸಿದರು. ಅವರು ನಿಂತೇ ಕೇಳಿಸಿಕೊಂಡರು, ಆಮೇಲೆ ಕೂತರು. ತಪ್ಪು ಹೇಗಾಯಿತೆಂದು ಅವರಿಗೆ ಕೂಡಲೇ ತಿಳಿಯಿತು. ಲಕ್ವ ಹೊಡೆದ ಮೇಲೂ ಹಳೆಯ ಭಾಷೆಯ ಚೂರುಗಳು ಕಸ್ತೂರಿಯ ಮಿದುಳಿನಲ್ಲಿ ಉಳಿದಿದ್ದವು. ಅವು ಕೈಗೆ ಬರಲು ಹೆಣಗುತ್ತಿದ್ದವು. ಅವನ್ನೇ ಮಾದರಿಯಾಗಿ ಕೊಟ್ಟಿದ್ದರೆ ಯಂತ್ರ ಅವನ್ನೇ ಬೆಳೆಸುತ್ತಿತ್ತು. ಮೈಸೂರಿನ ಶಿಕ್ಷಕಿಯ ಚಲನೆಗೆ ಹೊಂದದ ಕಾರಣ ಶೋಧಕ ಅವನ್ನು ಕಳೆಯೆಂದು ತಿಳಿದು ಕಿತ್ತುಹಾಕಿತ್ತು. ಕೈಯಿಂದ ಹೋದದ್ದು ಕಣ್ಣಿನ ತಿಳಿವಿನಿಂದಲೂ ಹೋಗಿತ್ತು.

“ತಿರುಗಿ ಬರೂದಿಲ್ಲೇನ್ರಿ?”

“ಕಿಟಕಿ ಮುಚ್ಚೇತ್ರಿ,” ಎಂದರು ಇನಾಮದಾರರು. “ಶೋಧಕ ತಗದದ್ದನ್ನ ಎಲ್ಲೂ ಇಟ್ಟಿರೂದಿಲ್ಲ. ಎಷ್ಟ ಸಲ ತಗೀತು ಅನ್ನೂ ಲೆಕ್ಕ ಅಷ್ಟ ಇಟ್ಟಿರ್ತೈತಿ.” ಅವರು ಪರದೆಯಲ್ಲಿ ಹುಡುಕಿ, ಕನ್ನಡಕ ತೆಗೆದರು. “ಆ ಲಾಳಿ ಚಲನೆ ಒಂದ ಆರು ಸಾವಿರದ ನಾಲ್ಕನೂರು ಸಲ ಐತಿ.”

ದಾಕ್ಷಾಯಣಿ ಬರಿಗೈಯನ್ನು ಬಲದಿಂದ ಎಡಕ್ಕೆ ಒಮ್ಮೆ ಬೀಸಿದಳು. “ಅಷ್ಟ ಸಲ ಕರದಾಳ ನನ್ನ,” ಎಂದಳು. “ನಾ ಎದುರಿಗೇ ಕುಂತಿದ್ದೆ.”

“ತಪ್ಪು ನಂದ್ರಿ ಅಕ್ಕಾರ. ಒಂದ ಮಾತು ಹೆಚ್ಚಿಗಿ ಕೇಳಬೇಕಾಗಿತ್ತು.”

“ನಂದೂ ಐತ್ರಿ ಸಾಹೇಬ್ರ. ನೀವು ಕೇಳಿದಾಗ ನಾ ಹೌದಂದೆ.”

ಶುಕ್ರವಾರ ಕಸ್ತೂರಿಯನ್ನು ಮನೆಗೆ ಕಳಿಸುವುದೆಂದು ಗೊತ್ತಾಗಿತ್ತು. ಮನೆಗೆ ಹೋದರೆ ತಾಯಿಯ ಹಾಸಿಗೆ ಖಾಲಿ ಕಾಣುತ್ತದೆ. ಅದಕ್ಕೆ ಮೊದಲು ಹೇಳಲೇಬೇಕು. ಗುರುವಾರ ಮುಂಜಾನೆ ಪಾಠದ ಕೋಣೆಯಲ್ಲಿ ಅಕ್ಕತಂಗಿ ಎದುರುಬದುರು ಕೂತರು, ಮೆಹರುನ್ನೀಸಾ ಒಂದು ಬದಿಗೆ. ಪಟ್ಟಿಯಲ್ಲಿ ಹೇಳೋಣವೇ ಎಂದು ಅವಳು ಮೆಲ್ಲಗೆ ಕೇಳಿದಳು.

“ಬ್ಯಾಡ್ರಿ. ನನ್ನ ಕೈಲೆ ಹೇಳಂತ ಅಂದಾಳ ಅವ್ವ. ಎಷ್ಟ ತಿಳೀತೈತಿ ಅಷ್ಟ ತಿಳೀಲಿ.”

ದಾಕ್ಷಾಯಣಿ ಹಣೆಯ ಮೇಲೆ ಮೂರು ಬೆರಳು ಎಳೆದಳು. ಆಮೇಲೆ ಎರಡು ಬೆರಳನ್ನು ಕತ್ತರಿ ಮಾಡಿ, ನೇಯ್ದು ಮುಗಿದ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವಂತೆ ಅಡ್ಡಕ್ಕೆ ನಡೆಸಿದಳು. ಇಳಿಸಿದ್ದನ್ನು ಮಡಚಿದಳು, ಎರಡೂ ಕಣ್ಣಿಗೆ ಒತ್ತಿಕೊಂಡಳು. ಅವರ ಅಪ್ಪ ಸತ್ತಾಗ ಗುರವ್ವ ಮಕ್ಕಳಿಗೆ ಹೀಗೆಯೇ ಹೇಳಿದ್ದಳು. ಆದರೆ ನಲವತ್ತು ವರ್ಷ ಮಗ್ಗ ಎಳೆದ ಗಂಟು ಬೆರಳುಗಳು, ಅಳು ತಡೆದು ತಡೆದು ನಡುಗುತ್ತಿದ್ದವು. ಮಡಿಕೆ ಸರಿಯಾಗಿ ಬರಲಿಲ್ಲವೆಂದು ಮತ್ತೆ ಮೊದಲಿನಿಂದ ಮಾಡಿದಳು. ಮೂರು ಸಲ ಮಾಡಿದಳು.

ಕಸ್ತೂರಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮೊದಲು ಕುತೂಹಲ, ಆಮೇಲೆ ಗಾಬರಿ. ಒಮ್ಮೆಲೇ ಮುಂದೆ ಬಾಗಿ ಅಕ್ಕನ ನಡುಗುವ ಕೈಯನ್ನು ಗಟ್ಟಿಯಾಗಿ ಹಿಡಿದಳು. ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಎಲ್ಲವೂ ತಿಳಿಯಿತೆಂಬಂತೆ ತಲೆಯಾಡಿಸಿದಳು. ಮೆಹರುನ್ನೀಸಾಳ ಕಡೆ ತಿರುಗಿ ಎರಡೂ ಕೈಯಲ್ಲಿ ಬೇಗಬೇಗ ಆಡಿದಳು. ಅವಳ ಕಣ್ಣಲ್ಲಿ ನೀರು ಧಾರೆಯಾಗಿತ್ತು, ಪಟ್ಟಿಯ ದನಿ ಮಾತ್ರ ಎಂದಿನಂತೆ ಸಮಾಧಾನವಾಗಿತ್ತು.

“ಮೇಡಂ, ನನ್ನ ಅಕ್ಕನ ಕೈಗೂ ಪಾರ್ಶ್ವವಾಯು ಬಡಿದಿದೆ. ಅವಳು ಏನೋ ಹೇಳಲು ಪ್ರಯತ್ನಿಸುತ್ತಿದ್ದಾಳೆ, ಕೈ ಕೇಳುತ್ತಿಲ್ಲ. ನನಗೂ ಹೀಗೆಯೇ ಆಗಿತ್ತು. ದಯವಿಟ್ಟು ಇವಳಿಗೂ ಚಿಕಿತ್ಸೆ ಕೊಡಿ. ಅಕ್ಕ ಗುಣವಾಗುವವರೆಗೆ ನಾನು ಇಲ್ಲಿಯೇ ಇರುತ್ತೇನೆ.”

ಮೆಹರುನ್ನೀಸಾ ಇಲ್ಲ ಎಂದು ಹೇಳಲು ಕೈ ಎತ್ತಿದಳು. ದಾಕ್ಷಾಯಣಿ ತಡೆದಳು.

“ಈ ಕೈಮಾಸ್ತರ ನನಗೂ ಕಲಿಸ್ತಾನೇನ್ರಿ?”

“ಕಲಿಸ್ತಾನ. ನಿಮ್ಮ ಮಿದುಳಿಗೆ ಪೆಟ್ಟು ಬಿದ್ದಿಲ್ಲ, ಕಿಟಕಿ ಚಿಂತಿ ಇಲ್ಲ. ಮೂರು ತಿಂಗಳು ಬೇಕು. ಆದರ ಈ ವಯಸ್ಸಿನಾಗ ಶೋಧಕ ಇಲ್ಲದ ಪಾಠ ಹತ್ತೂದಿಲ್ಲ. ಶೋಧಕ ಹಾಕಿದ್ರ ನಿಮ್ಮ ಸನ್ನಿನೂ ಹೋಗ್ತಾವ ಅಕ್ಕಾರ. ಅವು ಈಗ ಈ ಲೋಕದಾಗ ನಿಮ್ಮೊಬ್ಬರಿಗೇ ಬರೂದು. ಮೊದಲ ಎಲ್ಲಾ ವಿಡಿಯೋ ಮಾಡಿ ಇಡೋಣಲ್ಲ?”

“ಇಡ್ರಿ, ನಿಮಗ ಬೇಕಂದ್ರ,” ಎಂದಳು ದಾಕ್ಷಾಯಣಿ. “ನನಗ್ಯಾಕ್ರಿ? ಒಬ್ಬಾಕಿ ಇಟ್ಕೊಂಡು ಯಾರ ಕೂಡ ಮಾತಾಡ್ಲಿ? ಅವ್ವನ ಸುದ್ದಿ ನಾನ ಹೇಳಬೇಕ್ರಿ. ಮೂರು ತಿಂಗಳು ತಡಾ ಆದ್ರ ಆಗ್ಲಿ. ಅಲ್ಲೀತನಕ ಇಕಿ ಪಾಲಿಗಾದ್ರೂ ಅವ್ವ ಇರ್ತಾಳ.”

ಅಷ್ಟರಲ್ಲಿ ಕಸ್ತೂರಿ ಎದ್ದು ಹೋಗಿ ಗೂಟದಲ್ಲಿ ತೂಗುತ್ತಿದ್ದ ತೋಳುಗವಸನ್ನು ತಂದಿದ್ದಳು. ಅಕ್ಕನ ಬೆಳ್ಳಿ ಬಳೆಗಳನ್ನು ನೋಯದಂತೆ ಒಂದೊಂದಾಗಿ ಕಳಚಿ ತನ್ನ ಕೈಗೆ ಹಾಕಿಕೊಂಡಳು. ಗವಸು ತೊಡಿಸಿ, ಭುಜದ ಹತ್ತಿರ ಗುಂಡಿ ಬಿಗಿದು, ಅವಳ ತಲೆ ನೇವರಿಸಿದಳು. ಆಮೇಲೆ ಎದುರು ಕೂತು ನಿಧಾನವಾಗಿ, ಮಕ್ಕಳಿಗೆ ಬಿಡಿಸಿ ಹೇಳುವಂತೆ ಸನ್ನೆ ಮಾಡಿದಳು.

“ಹೆದರಬೇಡ ಅಕ್ಕ,” ಎಂದಿತು ದನಿಪಟ್ಟಿ. “ಇದರಿಂದ ಏನೂ ನೋವಾಗುವುದಿಲ್ಲ.”